ಲೇಡಿ ಮ್ಯಾನೇಜರ್

ಹಮ್ಮಣ್ಣ ನಾಯಕರು ಅಂಕೋಲೆಯ ಮೀನು ಮಾರ್ಕೆಟ್ಟಿನ ಒಳಗೆ ಬರುವಷ್ಟರಲ್ಲೇ ಒಬ್ಬಳ ಬುಟ್ಟಿಗೆ ಎಡವಿ ಇನ್ನೊಬ್ಬಳಿಂದ ಬೈಸಿಕೊಂಡಾಗಿತ್ತು. ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ. ಕಾಲೇಜಿನ ಮೈದಾನದಲ್ಲಿ ಈ ವೇಷ ಕಂಡರೆ ಹುಡುಗರು ತಾವಾಗಿಯೇ ಸಾಲು ನಿಲ್ಲುತ್ತಿದ್ದರು. ಇಲ್ಲಿ ಯಾರೂ ದಾರಿ ಬಿಡಲಿಲ್ಲ. ಊರಿನ ಕಾಲೇಜಿಗೆ ದೈಹಿಕ ಶಿಕ್ಷಣ ನಿರ್ದೇಶಕರಾಗಿ, ಊರವರ ಬಾಯಲ್ಲಿ ಪೀಡಿ ಮಾಸ್ತರಾಗಿ ಮೂವತ್ತು ವರ್ಷಕ್ಕೆ ಹತ್ತಿರ ಬಂದಿದ್ದರೂ ಈ ಕಟ್ಟೆಗಳ ನಡುವೆ ಎಲ್ಲಿ ಕಾಲಿಡಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ಮೀನು ತರುವುದು ಹೆಂಡತಿ ಗಂಗೂನ ಕೆಲಸವಾಗಿತ್ತು. ಈ ಮಳೆಗಾಲದಲ್ಲಿ ಅವಳು ತೀರಿಕೊಂಡ ಮೇಲೆ ಮನೆಗೆ ಮೀನು ಬರುವುದೇ ನಿಂತುಹೋಗಿತ್ತು.

ಹಾರವಾಡದ ಕಾಶಿ ಮೂಲೆಯ ಕಟ್ಟೆಯಲ್ಲಿ ಕೂತು ಯಾರಿಗೋ ನೊಗ್ಲಿ ಮೀನು ಕೊಯ್ದು ಕೊಡುತ್ತಿದ್ದಳು. ನಾಯಕರನ್ನು ದೂರದಿಂದಲೇ ನೋಡಿದ್ದಳು; ನೋಡಿಯೂ ಕತ್ತಿಯ ಮೇಲಿಂದ ಕಣ್ಣೆತ್ತಲಿಲ್ಲ. ಅವಳ ಮಗಳು ದುರ್ಗಾ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಎಂಟುನೂರು ಮೀಟರ್ ಓಟದಲ್ಲಿ ಅವಳ ಬೆನ್ನು ನೋಡದ ಹುಡುಗಿ ಜಿಲ್ಲೆಯ ಯಾವ ಕಾಲೇಜಿನಲ್ಲೂ ಇರಲಿಲ್ಲ. ಮುಂದಿನ ವಾರ ಘಟ್ಟದ ಮೇಲೆ ವಿಶ್ವವಿದ್ಯಾಲಯದ ಕ್ರೀಡಾಕೂಟವಿತ್ತು. ಅಂಥ ಹೊತ್ತಿನಲ್ಲಿ ಹುಡುಗಿ ಮೈದಾನಕ್ಕೆ ಬರುವುದನ್ನೇ ನಿಲ್ಲಿಸಿದ್ದಳು. ಕಾಲೇಜಿನ ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿ ಕೇಳಿದ್ದಕ್ಕೆ, "ಆಯಿ ಬೇಡ ಅಂತದೆ ಸರ್" ಎಂದು ನೆಲ ನೋಡಿದ್ದಳು.

ನಾಯಕರು ತಾವು ಬಂದ ಕಾರಣ ಹೇಳಿದರು. ಮೈದಾನದ ಗಂಟಲಿನಲ್ಲೇ ಹೇಳಿದ್ದರಿಂದ ಅಕ್ಕಪಕ್ಕದ ಕಟ್ಟೆಯವರಿಗೆಲ್ಲ ಕೇಳಿತು. ಕಾಶಿ ಮೀನಿನ ತಲೆ ಬೇರೆ ಮಾಡಿ, ಕೈ ತೊಳೆದು, ಗಿರಾಕಿಯನ್ನು ಕಳಿಸಿದ ಮೇಲೆ ಬಾಯಿ ಬಿಟ್ಟಳು.

"ಈ ವರ್ಷ ಬೇಡ ಮಾಸ್ತರ್ರೆ."

ಯಾಕೆ ಎಂದು ಕೇಳಿದರೆ ಅದು ಇಲ್ಲಿ ಹೇಳುವ ಮಾತಲ್ಲ ಎಂದಳು. ಬೇಕಾದರೆ ಸಂಜೆ ಮನೆಯ ಬದಿಗೆ ಬರಬಹುದು ಎಂದಳು. ನಾಯಕರು ಇನ್ನೇನೋ ಹೇಳಹೊರಟಾಗ ಅವಳು ಆಗಲೇ ಮುಂದಿನ ಗಿರಾಕಿಗೆ ಬಂಗಡೆ ತೋರಿಸುತ್ತಿದ್ದಳು. ಬಂದ ದಾರಿಯಲ್ಲೇ ಬೂಟು ಒದ್ದೆ ಮಾಡಿಕೊಂಡು ಅವರು ಹೊರಗೆ ಬಂದರು. ಪ್ರಿನ್ಸಿಪಾಲರ ಮುಂದೆಯೂ ಯಾವತ್ತೂ ಹೀಗೆ ಬರಿಗೈಯಲ್ಲಿ ಹೊರಬಿದ್ದವರಲ್ಲ.

ಇದು ಅವರ ಕೊನೆಯ ಕೂಟ. ಮಾರ್ಚಿಗೆ ನಿವೃತ್ತಿ. ಕೊನೆಯ ವರ್ಷ ಹೆಣ್ಣುಮಕ್ಕಳ ತಂಡವಿಲ್ಲದೆ ಘಟ್ಟ ಹತ್ತುವುದೆಂದರೆ ಮುಖಕ್ಕೆ ಮಸಿ ಬಳಿದುಕೊಂಡು ಹೋದ ಹಾಗೆ ಎಂದು ಅವರಿಗೆ ಅನ್ನಿಸುತ್ತಿತ್ತು. ದುರ್ಗಾ ಬರದಿದ್ದರೆ ಉಳಿದವರೂ ಬರುವವರಲ್ಲ. ರಿಲೇ ಓಡುವ ನಾಗಶ್ರೀಯ ಮನೆಗೆ ಫೋನ್ ಮಾಡಿದರೆ ಅವಳ ತಾಯಿ ಮೊದಲು ಕೇಳಿದ್ದೇ ಕಾಶಿ ಮಗಳನ್ನು ಕಳಿಸುತ್ತಾಳೋ ಇಲ್ಲವೋ ಎಂದು. ಆದರೆ ಅವರನ್ನು ಹೆಚ್ಚು ಕಾಡುತ್ತಿದ್ದುದು ದುರ್ಗಾನ ಮುಂದಿನ ದಾರಿ. ಕಾರವಾರದಲ್ಲಿ, ಕೋಡಿಬಾಗದ ಕಡೆಯ ಮೈದಾನದಲ್ಲಿ ಈ ಕೂಟಕ್ಕೆ ಆಯ್ಕೆ ನಡೆದಾಗ ಕಾಳಿ ನದಿಯ ಮೇಲಿಂದ ಎದುರುಗಾಳಿ ಬೀಸುತ್ತಿದ್ದರೂ ಹುಡುಗಿ ಒಬ್ಬಳೇ ಓಡುತ್ತಿದ್ದಾಳೇನೋ ಎಂಬಷ್ಟು ಮುಂದೆ ಬಂದಿದ್ದಳು. ಕೂಟದಲ್ಲಿ ಮೊದಲ ಮೂವರಲ್ಲಿ ಬಂದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ. ಆ ತಂಡದಲ್ಲಿ ಓಡಿದರೆ ಪೊಲೀಸ್ ಇಲಾಖೆಯ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಬಹುದು. ಬುಟ್ಟಿ ಹೊತ್ತು ಬೆಳೆಸಿದ ತಾಯಿಗೆ ಇದು ತಿಳಿಯದೆ? ತಿಳಿದೂ ಬೇಡ ಎನ್ನುತ್ತಾಳೆಂದರೆ ಏನೆಂದುಕೊಳ್ಳಬೇಕು?

ನಾಯಕರು ಕೆಲಸಕ್ಕೆ ಸೇರಿದಾಗ ಕಾಲೇಜಿಗೆ ಹೆಣ್ಣುಮಕ್ಕಳ ತಂಡವೆಂಬುದೇ ಇರಲಿಲ್ಲ. ಹುಡುಗಿಯರೇನೋ ಓಡುತ್ತಿದ್ದರು. ಆದರೆ ಹೆಣ್ಣುಮಕ್ಕಳ ತಂಡದ ಜೊತೆ ಒಬ್ಬ ಲೇಡಿ ಮ್ಯಾನೇಜರ್ ಇರಲೇಬೇಕೆಂಬುದು ನಿಯಮ. ಇದ್ದ ಇಬ್ಬರು ಮಹಿಳಾ ಉಪನ್ಯಾಸಕರಲ್ಲಿ ಒಬ್ಬರಿಗೆ ಕೂಸು, ಇನ್ನೊಬ್ಬರಿಗೆ ಘಟ್ಟದ ಬಸ್ಸೆಂದರೆ ತಲೆಸುತ್ತು. ಆಗ ಹೊಸದಾಗಿ ಮದುವೆಯಾಗಿ ಕದ್ವಾಡದಿಂದ ಬಂದಿದ್ದ ಗಂಗೂ, "ನಾ ಬಂದ್ರೆ ಆಗೂದಿಲ್ವಾ?" ಎಂದು ಕೇಳಿದ್ದಳು. ಆಗಬಹುದು ಎಂದು ಪ್ರಿನ್ಸಿಪಾಲರು ಸಹಿ ಹಾಕಿದರು. ಅಂದಿನಿಂದ ಪ್ರತಿ ವರ್ಷ ಅವಳೇ ಲೇಡಿ ಮ್ಯಾನೇಜರ್. ಅವಳು ಇಡೀ ಜನ್ಮದಲ್ಲಿ ಒಂದು ಸಲವೂ ಓಡಿದವಳಲ್ಲ. ಬಸ್ ಹೊರಟುಹೋಗುತ್ತದೆ ಎಂದರೂ ನಡೆದೇ ಬರುವವಳು.

ಅವಳಿಗೆ ತಿರುಗಾಟದ ಚಟ ಎಂದು ನಾಯಕರು ಎಲ್ಲರೆದುರೂ ಹಾಸ್ಯ ಮಾಡುತ್ತಿದ್ದರು. ಅದಕ್ಕೆ ಅವರ ಬಳಿ ಸಾಕ್ಷಿಯೂ ಇತ್ತು. ಅಷ್ಟು ದೂರ ಬಂದು, ಇಡೀ ದಿನ ಮೈದಾನದಲ್ಲೇ ಇದ್ದು, ಓಟ ಮುಗಿದ ಮೇಲೆ ಪ್ರತಿ ಸಲವೂ ಅವಳು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಯಾರು ಬಂದ್ರು?" ಮೊದಲು ಬಂದವರು ಯಾರು ಎಂದು ಅದರ ಅರ್ಥ. ನಾಯಕರಿಗೆ ಮೈ ಉರಿಯುತ್ತಿತ್ತು. ಕಣ್ಣೆದುರೇ ಓಡಿದ್ದು ಕಾಣಲಿಲ್ಲವೇ, ನಿದ್ದೆ ಹೊಡೆಯುತ್ತಿದ್ದೆಯಾ ಎಂದು ಗದರುತ್ತಿದ್ದರು. ಬೇರೆ ಕಾಲೇಜಿನ ನಿರ್ದೇಶಕರ ಜೊತೆ ಇಸ್ಪೀಟು ಆಡುವಾಗಲೂ ಈ ಕಥೆ ಹೇಳಿ ನಗಿಸುತ್ತಿದ್ದರು. ನಿರ್ದೇಶಕರಿಗೆಲ್ಲ ಗೆಸ್ಟ್ ಹೌಸಿನಲ್ಲಿ ಮಂಚ, ಹಾಸಿಗೆ. ತಂಡಗಳಿಗೆ ಯಾವುದಾದರೂ ಶಾಲೆಯ ಕೋಣೆ. ಗಂಗೂ ಹುಡುಗಿಯರ ಕೋಣೆಯಲ್ಲೇ ಮಲಗುತ್ತಿದ್ದಳು. ಮನೆಯಿಂದ ಮುಂಡಿಗೆ ಎಲೆಯ ಚಾಪೆಯೊಂದನ್ನು ಸುರುಳಿ ಸುತ್ತಿ ಒಯ್ಯುತ್ತಿದ್ದಳು.

ಈ ವರ್ಷ ಅವರು ಎಲ್ಲವನ್ನೂ ಕ್ರಮಬದ್ಧವಾಗಿ ಮಾಡಿದ್ದರು. ವಾಣಿಜ್ಯ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಕವನಾ ಎಂಬ ಉಪನ್ಯಾಸಕಿ ಲೇಡಿ ಮ್ಯಾನೇಜರ್ ಆಗಲು ಒಪ್ಪಿದ್ದಳು. ಕಾರವಾರದ ಹುಡುಗಿ, ಚುರುಕು. ಇಷ್ಟು ವರ್ಷದ ಮೇಲೆ ನಿಜವಾದ ಲೇಡಿ ಮ್ಯಾನೇಜರ್ ಸಿಕ್ಕಳು ನೋಡಿ ಎಂದು ಪ್ರಿನ್ಸಿಪಾಲರು ನಕ್ಕಿದ್ದರು. ನಾಯಕರೂ ನಕ್ಕಿದ್ದರು. 

ಸಂಜೆ ಸ್ಕೂಟರ್ ಹತ್ತಿ ಹಾರವಾಡಕ್ಕೆ ಹೊರಟರು. ಹೆದ್ದಾರಿಯ ತುಂಬ ಬೇಲೆಕೇರಿ ಬಂದರಿಗೆ ಅದಿರು ಹೊತ್ತ ಲಾರಿಗಳು. ಅಂಕೋಲೆ ದಾಟುವಷ್ಟರಲ್ಲಿ ಬಿಳಿ ಅಂಗಿ ಕೆಂಪಾಯಿತು. ಕಾಶಿಯ ಮನೆ ಸಮುದ್ರದ ಬದಿಗಿತ್ತು. ಗಂಡ ದೋಣಿಯ ಮೇಲೆ ಹೋಗಿದ್ದ. ಅಂಗಳದಲ್ಲಿ ಒಣಮೀನು ಹರಡಿದ್ದ ಕಾಶಿ ಅದನ್ನು ಬದಿಗೆ ಸರಿಸಿ ಕುರ್ಚಿ ಹಾಕಿದಳು. ತಾನು ಮೆಟ್ಟಿಲ ಮೇಲೆ ಕೂತಳು. ಅಷ್ಟರಲ್ಲಿ ದುರ್ಗಾ ಸಮುದ್ರದ ಕಡೆಯಿಂದ ಬಂದಳು. ಬರಿಗಾಲು, ಮೊಣಕಾಲಿನವರೆಗೆ ಒದ್ದೆ ಮರಳು. ಮೈದಾನಕ್ಕೆ ಬರುವುದನ್ನು ಬಿಟ್ಟಿದ್ದರೂ ಓಡುವುದನ್ನು ಬಿಟ್ಟಿರಲಿಲ್ಲ. ಅದನ್ನು ಕಂಡು ನಾಯಕರಿಗೆ ಧೈರ್ಯ ಬಂತು.

ಅವರು ಎಲ್ಲ ಹೇಳಿದರು: ಆಯ್ಕೆ, ತಂಡ, ಪೊಲೀಸ್ ಕೆಲಸ. ಕವನಾ ಮೇಡಮ್ ಇರುತ್ತಾರೆ, ಎಂ.ಕಾಂ. ಓದಿದವರು ಎಂದರು. ಕಾಶಿ ತಲೆಯಾಡಿಸುತ್ತ ಕೇಳಿದಳು. ಯಾವುದಕ್ಕೂ ಎದುರು ಮಾತಾಡಲಿಲ್ಲ. ಯಾವುದಕ್ಕೂ ಹೂಂ ಎನ್ನಲೂ ಇಲ್ಲ. ಕೊನೆಗೆ ನಾಯಕರು ತಮ್ಮ ದೊಡ್ಡ ಅಸ್ತ್ರವನ್ನು ತೆಗೆದರು.

"ಇಷ್ಟು ವರ್ಷದಲ್ಲಿ ಒಂದು ಹುಡುಗಿಗೂ ಒಂದು ಗೀರು ಬಿದ್ದದ್ದಿಲ್ಲ ಕಾಶಿ. ಕರ್ಕಂಡು ಹೋದ ಹಾಗೇ ವಾಪಸ್ ತಂದು ಮನೆಗೆ ಮುಟ್ಸಿದ್ದೆ ನಾನು."

"ನೀವು ಮುಟ್ಸಿದ್ದು ಬಸ್ ಸ್ಟ್ಯಾಂಡಿಗೆ" ಎಂದಳು ಕಾಶಿ. "ಮನೆಗೆ ಮುಟ್ಸಿದ್ದು ಗಂಗಕ್ಕ. ನೀವು ಕರ್ಕಂಡು ಹೋಗ್ತ್ರಿ ಹೇಳಿ ನಾ ಯಾವತ್ತೂ ಕಳ್ಸಿದ್ದಲ್ಲ ಮಾಸ್ತರ್ರೆ. ಗಂಗಕ್ಕ ಬತ್ರು ಹೇಳಿ ಕಳ್ಸಿದ್ದು."

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನಾಯಕರಿಗೆ ಕಷ್ಟವಾಯಿತು. ಸಿಟ್ಟಿಗಾದರೆ ಅವರ ಹತ್ತಿರ ಉತ್ತರವಿರುತ್ತಿತ್ತು.

ದುರ್ಗಾ ಮೊದಲ ವರ್ಷದಲ್ಲಿದ್ದಾಗ ಘಟ್ಟದ ಮೇಲೆ ಏನಾಯಿತೆಂದು ನಿಮಗೆ ಗೊತ್ತುಂಟಾ ಎಂದು ಕಾಶಿ ಕೇಳಿದಳು. ನಾಯಕರಿಗೆ ಗೊತ್ತಿದ್ದುದು ದುರ್ಗಾ ಆ ಸಲ ಐದನೆಯವಳಾಗಿ ಬಂದಳೆಂಬುದು ಮಾತ್ರ. ಕಾಶಿ ಹೇಳತೊಡಗಿದಳು. ಊಟವಾದ ಮೇಲೆ ಒಬ್ಬ ಮನುಷ್ಯ ಹುಡುಗಿಯರ ಕೋಣೆಗೆ ಬಂದಿದ್ದ. ಎದೆಗೆ ಕೂಟದ ಬಿಲ್ಲೆ ಇತ್ತು. ವಯಸ್ಸಿನ ದಾಖಲೆ ಸರಿಯಿಲ್ಲ, ಈ ಇಬ್ಬರು ಆಫೀಸಿಗೆ ಬಂದು ಸಹಿ ಮಾಡಬೇಕು ಎಂದ. ಬಾಗಿಲಿಗೆ ಅಡ್ಡವಾಗಿ ಮಲಗಿದ್ದ ಗಂಗೂ ಎದ್ದು ಕೂತು, ಸಹಿ ಬೇಕಾದರೆ ಕಾಗದ ಇಲ್ಲಿಗೇ ತನ್ನಿ ಎಂದಳು. ಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದ. ಈ ಸಲ ಬಾಯಿಂದ ಹೆಂಡದ ವಾಸನೆ ಬರುತ್ತಿತ್ತು, ಕೈಯಲ್ಲಿ ಕಾಗದವಿರಲಿಲ್ಲ. ಗಂಗೂನ ತಲೆಯ ಮೇಲಿಂದ ಕೈ ಚಾಚಿ ದುರ್ಗಾನ ರಟ್ಟೆ ಹಿಡಿದ.

"ಗಂಗಕ್ಕ ಕೂಗ್ಲಿಲ್ಲ" ಎಂದು ದುರ್ಗಾ ಬಾಗಿಲಲ್ಲೇ ನಿಂತು ಹೇಳಿದಳು. "ನಮ್ಮ ಕೋಣೇಲಿ ಇಟ್ಟಿದ್ದ ಕಿಟ್ ಚೀಲದಿಂದ ಗಂಡುಮಕ್ಕಳ ಗುಂಡು ತೆಗೆದ್ರು ಸರ್. ಎಸೆಯೂ ಗುಂಡು. ಎರಡೂ ಕೈಲಿ ಎತ್ತಿ ಹಿಡ್ಕಂಡು, ಕಾಲಿನ ಮೇಲೆ ಬಿಡ್ತೆ ನೋಡು ಅಂದ್ರು. ಆಮೇಲೆ ಬೆಳಗಿನವರೆಗೂ ಅದನ್ನ ಮಡಿಲಲ್ಲಿ ಇಟ್ಕಂಡು ಹೊಸ್ತಿಲ ಮೇಲೆ ಕೂತಿದ್ರು."

ನಾಯಕರಿಗೆ ಆ ಬೆಳಗು ನೆನಪಾಯಿತು. ಗುಂಡು ಎಸೆಯುವ ಹುಡುಗ ಜಟ್ಟಿ ಮೈದಾನದಲ್ಲಿ ಕಿಟ್ ಚೀಲ ಬಿಚ್ಚಿದರೆ ಗುಂಡೇ ಇರಲಿಲ್ಲ. ಹುಡುಕಿ ಹುಡುಕಿ, ಕೊನೆಗೆ ಅದು ಗಂಗೂನ ಚಾಪೆಯ ಸುರುಳಿಯೊಳಗೆ ಸಿಕ್ಕಿತ್ತು. ಬೇರೆ ಕಾಲೇಜಿನವರೆಲ್ಲ ನೋಡುತ್ತಿರುವಾಗಲೇ ಅವರು ಗಂಟಲು ಹರಿಯುವಂತೆ ಕೂಗಿದ್ದರು. ಗುಂಡೇನು ತೆಂಗಿನಕಾಯಿಯಾ ಹಾಸಿಗೆಯಲ್ಲಿ ಸುತ್ತಿಡಲಿಕ್ಕೆ, ನಿನ್ನನ್ನು ಕಟ್ಟಿಕೊಂಡು ಬಂದದ್ದೇ ತಪ್ಪು ಎಂದಿದ್ದರು. ಯಾರೋ ನಕ್ಕಿದ್ದರು. ಗಂಗೂ, "ನೆನಪು ತಪ್ತು" ಎಂದಷ್ಟೇ ಹೇಳಿ, ಕೆಂಪಾಗಿದ್ದ ಕಣ್ಣು ಒರೆಸಿಕೊಂಡು ಮರದ ಬುಡಕ್ಕೆ ಹೋಗಿ ಕೂತಿದ್ದಳು. ಕಣ್ಣು ಕೆಂಪಾದದ್ದು ತಮ್ಮ ಬೈಗುಳಕ್ಕೆ ಎಂದುಕೊಂಡು ಅವರು ಒಳಗೊಳಗೇ ಸ್ವಲ್ಪ ಬೀಗಿಯೂ ಇದ್ದರು. ನಿದ್ದೆಗೆಟ್ಟ ಕಣ್ಣು ಅದು.

"ನಂಗೆ ಎಂತಕೆ ಹೇಳ್ಲಿಲ್ಲ?" ಎಂದು ಕೇಳಿದರು. ದನಿ ಮೈದಾನದ್ದಾಗಿರಲಿಲ್ಲ.

"ನಾ ಹೇಳ್ತೆ ಅಂದೆ ಸರ್. ಗಂಗಕ್ಕ ಬಿಡ್ಲಿಲ್ಲ" ಎಂದಳು ದುರ್ಗಾ. "ಅವ್ರಿಗೆ ಹೇಳಿದ್ರೆ ನಾಳೆ ಜಗಳ ಮಾಡ್ತ್ರು, ನಾಡ್ದಿಂದ ಹೆಣ್ಮಕ್ಕಳ ಟೀಮೇ ಬೇಡ ಹೇಳಿ ಬಿಡ್ತ್ರು, ನಿಮ್ಮ ಓಟ ನಿಲ್ತದೆ ಅಂದ್ರು."

ಹೌದು. ಹಾಗೇ ಮಾಡುತ್ತಿದ್ದರು. ನಾಯಕರಿಗೆ ತಮ್ಮ ಬಗ್ಗೆ ಅಷ್ಟು ಗೊತ್ತಿತ್ತು. ಹೆಂಡತಿಗೂ ಗೊತ್ತಿತ್ತು. ಆ ಮನುಷ್ಯ ಯಾರೆಂದು ಕೇಳಿದರು. ಹೆಸರು ಗೊತ್ತಿಲ್ಲ, ಮರುವರ್ಷ ಅವನು ಕಾಣಲಿಲ್ಲ ಎಂದಳು ದುರ್ಗಾ. ಊರಿಗೆ ಬಂದ ಮೇಲೆ ಗಂಗೂ ಇವಳನ್ನು ಕರೆದುಕೊಂಡು ಹಾರವಾಡಕ್ಕೆ ಬಂದು, ಎಲ್ಲವನ್ನೂ ತಾಯಿಗೆ ಬಿಚ್ಚಿ ಹೇಳಿದ್ದಳು. ಮುಂದಿನ ವರ್ಷ ಕಳಿಸುವುದು ಬಿಡುವುದು ನಿನಗೆ ಬಿಟ್ಟದ್ದು, ಕಳಿಸಿದರೆ ಬಾಗಿಲಲ್ಲಿ ನಾನಿರುತ್ತೇನೆ ಎಂದಿದ್ದಳು. ಮಾರ್ಕೆಟ್ಟಿಗೆ ಬಂದಾಗಲೆಲ್ಲ ಕಾಶಿಯ ಕಟ್ಟೆಯ ಹತ್ತಿರ ಕೊಂಕಣಿಯಲ್ಲಿ ಮಾತಾಡುತ್ತ ಅಷ್ಟು ಹೊತ್ತು ನಿಲ್ಲುತ್ತಿದ್ದುದು ಬಂಗಡೆಯ ಚೌಕಾಶಿಗಲ್ಲ.

"ನಿಮ್ಮ ಅಕ್ಕೋರು ಒಳ್ಳೇವ್ರೇ ಇರ್ಬಹುದು. ಅದೂ ಒಂದು ಹುಡ್ಗಿ, ಅದೂ ಒಳಗೇ ಮಲಗ್ಬೇಕಾದ್ದು" ಎಂದಳು ಕಾಶಿ. "ಗಂಗಕ್ಕ ಮಲಗ್ತಿದ್ದ ಜಾಗದಲ್ಲಿ ಈ ಸಲ ಯಾರು ಮಲಗೂದು? ಅದೊಂದು ಹೇಳಿ. ನಾ ಕಳಿಸ್ತೆ."

ನಾಯಕರು ಕುರ್ಚಿಯಿಂದ ಎದ್ದರು.  ಸ್ಕೂಟರಿಗೆ ಎರಡು ಸಲ ಒದ್ದು ಚಾಲೂ ಮಾಡಿ, ಬರುತ್ತೇನೆಂದು ಹೇಳುವುದನ್ನೂ ಮರೆತು ಹೊರಟರು.

ಮನೆಯಲ್ಲಿ ಚಾಪೆ ಅಡುಗೆಮನೆಯ ಅಟ್ಟದ ಮೇಲಿತ್ತು. ಇಳಿಸಿ ನಡುಮನೆಯಲ್ಲಿ ಬಿಚ್ಚಿ ಹಾಸಿದರು. ಒಂದು ಬದಿಯ ಅಂಚು ನೆಟ್ಟಗಿತ್ತು, ಇನ್ನೊಂದು ಬದಿ ಉದ್ದಕ್ಕೂ ತಿಂದುಹೋಗಿತ್ತು. ಇಲಿ ಕಡಿದದ್ದೆಂದು ಅವರು ಎಷ್ಟೋ ಸಲ ಅಂದುಕೊಂಡಿದ್ದರು. ಹೊಸದೊಂದು ತಗೊ ಎಂದು ಹೇಳಿಯೂ ಇದ್ದರು. ಇಲಿಯಾದರೆ ಮೂಲೆಯಲ್ಲಿ ಕಡಿಯುತ್ತದೆ. ಇದು ಕಲ್ಲಿನ ಹೊಸ್ತಿಲಿಗೆ, ಮರದ ಬಾಗಿಲಿಗೆ ತಾಗಿ ತಾಗಿ ಸವೆದದ್ದು. ಅವರು ಆ ಅಂಚಿನ ಮೇಲೆ ಬೆರಳಾಡಿಸುತ್ತ ಕೂತರು. ಆಸ್ಪತ್ರೆಯಲ್ಲಿ ಅವಳು ಹೋದಾಗ ಬಂಧುಗಳ ನಡುವೆ ಗಟ್ಟಿಯಾಗಿ ನಿಂತಿದ್ದ ಮನುಷ್ಯ ಈಗ ಒಬ್ಬರೇ ಕೂತು ಅತ್ತರು. ಅವಳು ಸತ್ತದ್ದಕ್ಕಿಂತ, ತಾನು ಅಷ್ಟು ಜನರ ನಡುವೆ ಅವಳಿಗೆ ಬೈದದ್ದು ಅವರನ್ನು ಹೆಚ್ಚು ಸುಡುತ್ತಿತ್ತು. ಅದನ್ನು ಹೇಳಿಕೊಳ್ಳಬೇಕಾದವಳು ಇರಲಿಲ್ಲ.

ಮರುದಿನ ಬೆಳಿಗ್ಗೆ ಮೀನು ಮಾರ್ಕೆಟ್ಟು ಗಿಜಿಗುಡುತ್ತಿದ್ದಾಗ ಅವರು ನೇರವಾಗಿ ಮೂಲೆಯ ಕಟ್ಟೆಗೆ ನಡೆದರು.

"ನಾ ಮಲಗ್ತೆ ಕಾಶಿ. ಬಾಗ್ಲ ಹೊರಗೆ" ಎಂದರು.

ಗಂಟಲು ಹಳೆಯದೇ ಆಗಿದ್ದರಿಂದ ಇಡೀ ಸಾಲಿಗೆ ಕೇಳಿತು. ಬಿಳಿ ಪ್ಯಾಂಟಿನ ಮುದುಕ ಮೀನುಗಾರ್ತಿಯ ಮುಂದೆ ನಿಂತು ಹೇಳುವ ಮಾತೇ ಅದು? ಪಕ್ಕದ ಕಟ್ಟೆಯವಳು ಸೆರಗು ಬಾಯಿಗಿಟ್ಟುಕೊಂಡಳು. ಕಾಶಿ ನಗಲಿಲ್ಲ. ಕತ್ತಿ ಕೆಳಗಿಟ್ಟು ಅವರ ಮುಖವನ್ನೇ ನೋಡಿದಳು.

"ಗೆಸ್ಟ್ ಹೌಸು?"

"ಹೋಗೂದಿಲ್ಲ."

ಅವಳು ಮತ್ತೆ ಕತ್ತಿ ಎತ್ತಿಕೊಂಡಳು. "ಸರ ಹಾಕಿ ಕಳಿಸ್ತೆ. ಪರ ಊರಿಗೆ ಬರಿ ಕೊರಳಲ್ಲಿ ಕಳಿಸೂಕೆ ಆಗೂದಿಲ್ಲ. ಜೋಪಾನ." ಆ ಸರ ಮಗಳ ಮದುವೆಗೆಂದು ವರ್ಷಗಟ್ಟಲೆ ಬುಟ್ಟಿ ಹೊತ್ತು ಮಾಡಿಸಿದ್ದೆಂದು ನಾಯಕರಿಗೂ ಗೊತ್ತಿತ್ತು.

ಅರಬೈಲ್ ಘಟ್ಟ ಹತ್ತುವಾಗ ಮೊದಲು ವಾಂತಿ ಮಾಡಿದವಳು ಲೇಡಿ ಮ್ಯಾನೇಜರ್ ಕವನಾ. ಗಂಗೂ ಇದ್ದಿದ್ದರೆ ಚೀಲದಲ್ಲಿ ಲಿಂಬೆಹಣ್ಣು ಇರುತ್ತಿತ್ತು ಎಂದು ಹುಡುಗಿಯರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಮುಂದಿನ ಸೀಟಿನಲ್ಲಿದ್ದ ನಾಯಕರು ಅದನ್ನು ಕೇಳಿಸಿಕೊಂಡು, ಬಸ್ಸು ಯಲ್ಲಾಪುರದಲ್ಲಿ ನಿಂತಾಗ ಇಳಿದು ಲಿಂಬೆಹಣ್ಣು ಹುಡುಕಿ ತಂದರು. ಎಷ್ಟು ಬೇಕೆಂದು ತಿಳಿಯದೆ ಚೀಲದ ತುಂಬ ತಂದಿದ್ದರು.

ಈ ಸಲವೂ ತಂಡಕ್ಕೆ ಸಿಕ್ಕಿದ್ದು ಒಂದು ಶಾಲೆಯ ಕೋಣೆ. ಇನ್ನೂ ಬೆಳಕಿರುವಾಗಲೇ ನಾಯಕರು ಹೊಸ್ತಿಲ ಹೊರಗೆ, ಜಗಲಿಯ ಮೇಲೆ ಚಾಪೆ ಹಾಸಿದರು. ಸವೆದ ಅಂಚು ಬಾಗಿಲ ಕಡೆಗೆ ತಾನಾಗಿಯೇ ಕೂತಿತು. ಅವರ ಹಳೆಯ ಇಸ್ಪೀಟಿನ ಗೆಳೆಯರು ಗೆಸ್ಟ್ ಹೌಸಿಗೆ ಕರೆಯಲು ಬಂದವರು ಇದನ್ನು ಕಂಡು ನಿಂತರು. "ಏನ್ರೀ ನಾಯಕ್ರ, ನೌಕರಿ ಮುಗಿಯೂ ಮುಂದ ವಾಚ್‌ಮನ್ ಆದ್ರೇನು?" ಎಂದು ಒಬ್ಬರು ನಕ್ಕರು. ಹಾಗೇ ಅಂದುಕೊಳ್ಳಿ ಎಂದು ನಾಯಕರು ಬೂಟು ಬಿಚ್ಚಿ ಗೋಡೆಗೆ ಒರಗಿಸಿದರು. ಒಳಗಿನಿಂದ ಕವನಾ ಚಿಲಕ ಹಾಕಿದ ಸದ್ದು ಕೇಳಿತು. ಕಿಟ್ ಚೀಲ ಅವರ ತಲೆಯ ಹತ್ತಿರವೇ ಇತ್ತು. ನೆಲದ ತಂಪು ಚಾಪೆಯನ್ನು ದಾಟಿ ಬೆನ್ನಿಗೆ ಹತ್ತುತ್ತಿತ್ತು; ಗಂಗೂ ಬೆನ್ನುನೋವೆಂದು ಎಣ್ಣೆ ಕಾಸುತ್ತಿದ್ದುದು ಪ್ರತಿ ವರ್ಷ ಕೂಟ ಮುಗಿಸಿ ಬಂದ ಮೇಲೆಯೇ ಎಂಬುದು ಅವರಿಗೆ ಆಗ ಹೊಳೆಯಿತು.

ಎಂಟುನೂರು ಮೀಟರ್ ಓಟ ಮರುದಿನ ಬೆಳಿಗ್ಗೆ. ಹೆಸರು ಕೂಗಿದರು. ನಾಯಕರು ಎಂದಿನಂತೆ ಸ್ಟಾಪ್‌ವಾಚ್ ಹಿಡಿದು ಟ್ರ್ಯಾಕಿನ ಒಳ ಅಂಚಿಗೆ ಹೊರಟರು. ಹುಡುಗಿಯರ ಜೊತೆ ಜೊತೆಗೆ ಓಡುತ್ತ ಕೂಗಿ ಹೇಳುವುದು ಅವರ ಪದ್ಧತಿ. ಆ ಕೂಗಿಗೇ ಅರ್ಧ ಓಟ ಗೆಲ್ಲುತ್ತದೆಂದು ಅವರ ನಂಬಿಕೆ. ಹಿಂದಿನಿಂದ ದುರ್ಗಾ ಕರೆದಳು. ಅವಳು ಬೇವಿನ ಮರದ ಬುಡದಲ್ಲಿ ನಿಂತಿದ್ದಳು. ಸರ ತೆಗೆದು ಕೈಯಲ್ಲಿ ಹಿಡಿದಿದ್ದಳು, ಕಿವಿಯದನ್ನು ಬಿಚ್ಚುತ್ತಿದ್ದಳು. ಓಡುವಾಗ ಮೈಮೇಲೆ ಬಂಗಾರ ಇರಬಾರದೆಂಬುದು ನಾಯಕರೇ ಮಾಡಿದ ಕಟ್ಟಪ್ಪಣೆ. ತೆಗೆದದ್ದನ್ನು ಎಲ್ಲಿಡಬೇಕೆಂದು ಅವರು ಯಾವತ್ತೂ ಯೋಚಿಸಿದ್ದಿಲ್ಲ. ಅದು ಗಂಗೂನ ಸೆರಗಿಗೆ ಹೋಗುತ್ತಿತ್ತು, ಒಬ್ಬೊಬ್ಬಳದಕ್ಕೆ ಒಂದೊಂದು ಗಂಟು. ದುರ್ಗಾ ಅಭ್ಯಾಸಬಲದಿಂದ ಮರದ ಬುಡಕ್ಕೇ ಬಂದುಬಿಟ್ಟಿದ್ದಳು.

ಕವನಾ ಹತ್ತಿರವೇ ಇದ್ದಳು. ಕಣ್ಣು ಮಾತ್ರ ಗೆರೆಯ ಕಡೆಗಿತ್ತು. ಅವಳು ಇಂಥ ಓಟವನ್ನು ನೋಡಿದ್ದೇ ಇಲ್ಲ. ನಾಯಕರು ಒಂದು ಕ್ಷಣ ನಿಂತರು. ಆಮೇಲೆ ಸ್ಟಾಪ್‌ವಾಚನ್ನು ಅವಳ ಕೈಗೆ ಕೊಟ್ಟು, ಯಾವಾಗ ಒತ್ತಬೇಕೆಂದು ತೋರಿಸಿ, "ಹೋಗಿ ಮೇಡಮ್, ನೀವು ನೋಡಿ" ಎಂದರು. ತಾವು ಮರದ ಬುಡದಲ್ಲಿ, ಹುಡುಗಿಯರ ಚೀಲಗಳ ನಡುವೆ ಕೂತರು. ದುರ್ಗಾ ಸರವನ್ನೂ ಕಿವಿಯದನ್ನೂ ಅವರ ಅಂಗೈಗೆ ಹಾಕಿದಳು. ಅವರಿಗೆ ಸೆರಗಿರಲಿಲ್ಲ. ಹೆಗಲ ಮೇಲಿನ ಟವೆಲ್ಲಿನ ತುದಿಯಲ್ಲಿಟ್ಟು ಗಂಟು ಹಾಕಿದರು. ಬಿಚ್ಚಿಹೋದೀತೆಂದು ಇನ್ನೊಂದು ಹಾಕಿದರು. ಅದನ್ನು ಮಡಿಲಲ್ಲಿಟ್ಟು ಮುಷ್ಟಿ ಬಿಗಿದರು.

ಪಿಸ್ತೂಲಿನ ಸದ್ದಾಯಿತು. ನಾಯಕರು ಕತ್ತು ಚಾಚಿದರು. ಎದುರಿಗೆ ಜನರ ಬೆನ್ನು, ಬೆನ್ನುಗಳಾಚೆ ಅತಿಥಿಗಳಿಗೆ ಹಾಕಿದ ಶಾಮಿಯಾನ. ದೂರದ ತಿರುವಿನಲ್ಲಿ ಒಂದಿಷ್ಟು ತಲೆಗಳು ಕಂಡು ಮಾಯವಾದವು. ಅದರಲ್ಲಿ ದುರ್ಗಾನದು ಯಾವುದೆಂದು ತಿಳಿಯಲಿಲ್ಲ. ಮತ್ತೊಂದು ಸುತ್ತಿಗೆ ಅದೇ ತಿರುವಿನಲ್ಲಿ ಇನ್ನೊಮ್ಮೆ ಕಂಡವು. ಗಾಳಿಗೆ ಶಾಮಿಯಾನದ ಬಟ್ಟೆ ಎದ್ದು ಅದನ್ನೂ ಮುಚ್ಚಿತು. ಓಟದ ಕೊನೆಯ ಗೆರೆ ಇಲ್ಲಿಂದ ಕಾಣುವುದೇ ಇಲ್ಲ. ಎದ್ದು ನಾಲ್ಕು ಹೆಜ್ಜೆ ಮುಂದೆ ಹೋದರೆ ಕಂಡೀತು. ಹೋದರೆ ಇಷ್ಟೂ ಚೀಲಗಳನ್ನು ಬಿಟ್ಟು ಹೋಗಬೇಕು. ಯಾವ ಮೈದಾನದಲ್ಲೂ, ಯಾವ ವರ್ಷವೂ, ಚೀಲ ಇಡುವ ಮರ ಇಷ್ಟೇ ದೂರದಲ್ಲಿರುತ್ತಿತ್ತು. ಅಲ್ಲಿ ಇಡಲು ಹೇಳುತ್ತಿದ್ದವರು ಅವರೇ.

ಜನ ಒಮ್ಮೆಲೇ ಕೂಗಿದರು. ಯಾರಿಗಾಗಿ ಎಂದು ತಿಳಿಯಲಿಲ್ಲ. ಕೂಗು ಏರಿ, ಇಳಿದು, ಚಪ್ಪಾಳೆಯಾಯಿತು. ನಾಯಕರು ಏಳಲಿಲ್ಲ. ಮುಷ್ಟಿಯೊಳಗಿನ ಗಂಟು ಬೆವರಿಗೆ ಒದ್ದೆಯಾಗಿತ್ತು.

ಎಷ್ಟೋ ಹೊತ್ತಿನ ಮೇಲೆ ಎಂಬಂತೆ ದುರ್ಗಾ ಜನರನ್ನು ಸರಿಸಿಕೊಂಡು ಬಂದಳು. ಎರಡೂ ಕೈ ಮೊಣಕಾಲಿಗೆ ಊರಿ, ಬಾಗಿ, ಉಸಿರಿಗಾಗಿ ಒದ್ದಾಡುತ್ತ ಅವರ ಮುಂದೆ ನಿಂತಳು.

"ಯಾರು ಬಂದ್ರು?" ಎಂದು ಕೇಳಿದರು ನಾಯಕರು.

ದುರ್ಗಾ ತಲೆಯೆತ್ತಿ ಅವರನ್ನು ನೋಡಿದಳು. ತನ್ನ ಎದೆ ಮುಟ್ಟಿಕೊಂಡು, ಎರಡು ಬೆರಳು ಎತ್ತಿ ತೋರಿಸಿದಳು. ಆಮೇಲೆ ಅವರ ಪಕ್ಕದಲ್ಲಿ ನೆಲಕ್ಕೆ ಕುಸಿದು ಅಂಗೈ ಚಾಚಿದಳು. ಗಂಟು ಬಿಗಿಯಾಗಿತ್ತು. ನಾಯಕರ ಉಗುರಿಗೆ ಅದು ಸಿಗಲಿಲ್ಲ. ಅವಳು ಅವರ ಕೈಯಿಂದ ಟವೆಲ್ಲಿನ ತುದಿಯನ್ನು ತೆಗೆದುಕೊಂಡು ಹಲ್ಲಿನಿಂದ ಮೆಲ್ಲಗೆ ಸಡಿಲಿಸತೊಡಗಿದಳು.